ಬೇವಿನ ಸೊಪ್ಪು ಕಿತ್ತ ಪಟೇಲರು

ಐವತ್ತರ ದಶಕದ ಒಂದು ಬೇಸಿಗೆಯ ಬೆಳಿಗ್ಗೆ, ಯಲಹಂಕದಾಚೆಯ ನಮ್ಮ ಹಳ್ಳಿಯಲ್ಲಿ, ಸೇದುವ ಬಾವಿಯ ಕಟ್ಟೆಯ ಪಕ್ಕ ನಾನು ನಿಂತಿದ್ದೆ. ಎದುರಿಗೇ ಇದ್ದ ಮನೆಯಲ್ಲಿ ಒಬ್ಬ ಹುಡುಗ ಹಿಂದಿನ ದಿನ ಸಿಡುಬಿನಿಂದ ತೀರಿಕೊಂಡಿದ್ದ. ಮನೆಗೆ ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು.

ನಮ್ಮ ಪಟೇಲರು ಕಂದಾಯ ವಸೂಲು ಮಾಡುತ್ತಿದ್ದರು, ಊರಿನ ಸಾವುಗಳ ಲೆಕ್ಕವನ್ನೂ ಸರ್ಕಾರಕ್ಕೆ ಕಳಿಸುತ್ತಿದ್ದರು. ಯಾರು ಸತ್ತರೂ ಹೆಗಲ ಮೇಲಿನ ವಲ್ಲಿಯಿಂದ ಮೂಗು ಒರೆಸಿಕೊಂಡು, "ಜ್ವರ ಅನ್ನಣ ಬಿಡಿ" ಎನ್ನುತ್ತಿದ್ದರು. ಸಿಡುಬೆಂದು ತಿಳಿಸಿದರೆ ಸಂತೆ ನಿಲ್ಲುತ್ತಿತ್ತು, ಅದರ ಜೊತೆಗೆ ಸಂತೆಯ ಸುಂಕವೂ. ಆ ಸುಂಕದಲ್ಲಿ ಅವರ ಪಾಲೆಷ್ಟಿತ್ತೋ, ನನಗೆ ಇಂದಿಗೂ ತಿಳಿಯದು.

ಅಂದು ಅವರು ಮೊದಲು ಬೇವಿನ ಸೊಪ್ಪನ್ನು ಕಿತ್ತು ವಲ್ಲಿಯಲ್ಲಿ ಸುತ್ತಿಕೊಂಡರು. ಆಮೇಲೆ ಹುಡುಗನ ತಾಯಿಯನ್ನು ಕೇಳಿದರು: "ಏನಾಗಿತ್ತವ್ವ ಮಗೀಗೆ?"

"ಅಮ್ಮನ್ ಸೊಪ್ಪೇ ಕಿತ್ತ್ರಲ್ಲ ಪಟೇಲ್ರೇ, ನಿಮ್ಗೇ ಗೊತ್ತಲ್ಲ. ಇನ್ನೂ ಒಬ್ಳು ಮಗಳವ್ಳೆ. ದಾಕು ಆಕೋರ್ನ ಕರ್ಸಿ."

"ಜ್ವರಕ್ಕೆ ಯಾರವ್ವ ದಾಕು ಆಕ್ತಾರೆ? ಸಂತೆ ಮುಗೀಲಿ, ನೋಡಣ."

ಮರುದಿನ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವರ ಜೀಪು ತಾನಾಗಿಯೇ ಬಂತು. ಪಟೇಲರು ಊರಾಚೆಯ ಅರಳಿಕಟ್ಟೆಯಲ್ಲೇ ಅದನ್ನು ನಿಲ್ಲಿಸಿ, ಎಳನೀರು ಕುಡಿಸಿದರು.

"ಏನ್ ಸಮಾಚಾರ ಪಟೇಲ್ರೇ, ಸಿಡುಬು ಗಿಡುಬು?"

"ಏನಿಲ್ಲ ಸ್ವಾಮಿ, ಒಂದು ಜ್ವರದ ಸಾವು."

ಜೀಪು ಅಲ್ಲಿಂದಲೇ ತಿರುಗಿತು. ಸಂತೆ ಚೆನ್ನಾಗಿ ನಡೆಯಿತು.

ಸೊಪ್ಪು ಕಿತ್ತದ್ದನ್ನು ನೋಡಿದವರಲ್ಲಿ ಈಗ ಇಬ್ಬರೇ ಉಳಿದಿದ್ದೇವೆ. ಇನ್ನೊಬ್ಬಳು, ಅಂದು ತಾಯಿಯ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಆ ಮಗಳು. ರಾಜಾನುಕುಂಟೆಯಲ್ಲಿದ್ದಾಳೆ. ಸಿಡುಬು ಅವಳ ಎರಡು ಕಣ್ಣನ್ನೂ ತೆಗೆದುಕೊಂಡಿತು. ಅವಳು ಕೊನೆಕೊನೆಗೆ ಕಂಡವುಗಳಲ್ಲಿ ಪಟೇಲರ ಆ ಕೈಯೂ ಒಂದು.