ಇಂದು ನೀವು ಕೆಳಗಿದ್ದೀರಾ, ಗಂಗಣ್ಣ?

ಶಿರಾ ಬೈಪಾಸಿನ ಪಕ್ಕ ಏಳುತ್ತಿರುವ ಲಾಡ್ಜಿನ ಗೋಡೆಗೆ ಗಾರೆ ಹೊಡೆಯುವವನು ಗೌಡಗೆರೆಯ ಗಂಗಣ್ಣ. ಇಪ್ಪತ್ತೆರಡು ವರ್ಷ ಪಳಗಿದ ಕೈ. ಮಟ್ಟಗೋಲು ಇಟ್ಟು ನೋಡಿದರೂ ಅವನ ಗೋಡೆಯಲ್ಲಿ ತಪ್ಪು ಸಿಗದು. ಸುಳ್ಳು ಹೇಳುವುದಂತೂ ಬರುವುದೇ ಇಲ್ಲ, ಅದರಿಂದಲೇ ಕೆಟ್ಟ. ನಾನು ಯಶೋದ, ಕೆಳಗೆ ಅವನಿಗೆ ಗಾರೆ ಕಲಸಿಕೊಡುವವಳು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಯುಗಾದಿ ಕಳೆದ ಮೇಲೆ, ಅವನ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದ ಯೋಗೀಶ ನಾಲ್ಕನೇ ಮಹಡಿಗೆ ಮರ, ಹಲಗೆ ಕಟ್ಟಿ ನಿಲ್ಲಿಸಿದ ಸಾರುವೆಯಿಂದ ಬಿದ್ದು ಸತ್ತ. ಅವತ್ತಿನಿಂದ ಸಾರುವೆಯ ಹಲಗೆ ಮೇಲೆ ಕಾಲಿಟ್ಟರೆ ಗಂಗಣ್ಣ ಕೆಳಗೆ ನೋಡಲಾರ. ಒಂದಷ್ಟು ದಿನ ಕೆಳಗಿನ ಕೆಲಸ ಕೊಡಿ ಎಂದು ಮೇಸ್ತ್ರಿ ನರಸಿಂಹರಾಜು ಅವರನ್ನು ಕೇಳಿಕೊಂಡ. ಭಯಗಿಯ ಎಲ್ಲ ಈಗ ಫೋನಿನ ಖಾತೆ, ಅದು ಹೇಳಿದರೆ ಇಳಿಸುತ್ತೇನೆ ಎಂದುಬಿಟ್ಟರು ಅವರು.

ಫೋನು ಅಂದರೆ ‘ಮನಸಿನ ಮೇಸ್ತ್ರಿ’. ಕೂಲಿಯವರ ಮನಸ್ಸು ನೋಡಿಕೊಳ್ಳಲು ಬೆಂಗಳೂರಿನ ಕಂಪನಿ ನಮ್ಮೆಲ್ಲರ ಫೋನಿಗೆ ಹಾಕಿಸಿದ ಆ್ಯಪು. ಸಾರುವೆಯ ಕೆಳಗೆ ಒಂದು ಬಲೆ ಕಟ್ಟಿಸುವುದಕ್ಕಿಂತ ಇದು ಸುಲಭ ನೋಡಿ. ದಿನಾ ಹತ್ತು ಗಂಟೆಗೆ ಅದು ಹೆಣ್ಣುದನಿಯಲ್ಲಿ ಕೇಳುತ್ತದೆ: “ಇಂದು ನೀವು ಕೆಳಗಿದ್ದೀರಾ? ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಿ.”

ನಾಲ್ಕನೇ ಮಹಡಿಯಲ್ಲಿ ನಿಂತ ಗಂಗಣ್ಣ, ಇದ್ದದ್ದನ್ನು ಇದ್ದ ಹಾಗೆ, ಎರಡು ಒತ್ತಿದ. ನಲವತ್ತು ದಿನವೂ ಒತ್ತಿದ. ಕೆಳಗಿದ್ದ ನಾನು ಒಂದು ಒತ್ತಿದೆ. ನನಗೆ ಸಮಾಧಾನದ ಮೇಲೆ ಸಮಾಧಾನ: ಕೊಳಲಿನ ನಾದ, ಡಾಕ್ಟರಮ್ಮನ ಫೋನು, ಆಳವಾಗಿ ಉಸಿರೆಳೆದುಕೊಳ್ಳಿ ಎಂಬ ಉಪದೇಶ. ಎಳೆದುಕೊಂಡೆ. ಮೂಗಿನ ತುಂಬ ಸಿಮೆಂಟು.

ಕೊನೆಗೆ ಕಂಪನಿಯ ಭವ್ಯ ಮೇಡಂ ಶಾಲು, ಫಲಕ ಹಿಡಿದು ಬಂದರು. ಇಡೀ ಸೈಟಿನಲ್ಲಿ ಗಂಗಣ್ಣನೇ ಅತಿ ನೆಮ್ಮದಿಯ ಮನುಷ್ಯನಂತೆ, ಒಂದು ದಿನವೂ ಕೆಳಗಿರಲಿಲ್ಲವಂತೆ.

ಶಾಲು ಹೊದ್ದ ಗಂಗಣ್ಣ ಕೈಮುಗಿದ. “ನಾನೂ ಅದನ್ನೇ ಹೇಳ್ತಿರೋದು ಕಣಮ್ಮ. ಒಂದಿನಾನೂ ಕೆಳಗಿರಾಕೆ ಬುಟ್ಟಿಲ್ಲ. ಮೇಲೆ ನಿಂತ್ರೆ ಯೋಗೀಶ ಬಿದ್ದಿದ್ದೇ ಕಣ್ಮುಂದೆ ಬತ್ತದೆ.”

ಮೇಡಂ ಮುಖ ಪೆಚ್ಚಾಯಿತು. ಇಂಗ್ಲಿಷಿನಲ್ಲಿ ಮನಸ್ಸು ಕುಗ್ಗಿದವರು ‘ಡೌನ್’, ಅಂದರೆ ‘ಕೆಳಗಿದ್ದೇವೆ’ ಅನ್ನುತ್ತಾರಂತೆ. ಯಾರೋ ಪುಣ್ಯಾತ್ಮರು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದರು. ಗಂಗಣ್ಣನನ್ನು ಇಳಿಸುವವರು ಮಾತ್ರ ಯಾರೂ ಇರಲಿಲ್ಲ. ಮೇಡಂ ಅಲ್ಲೇ ಬೆಂಗಳೂರಿಗೆ ಫೋನು ಮಾಡಿದರು. ಪ್ರಶ್ನೆಯನ್ನು ಮುಂದೆ ತಿದ್ದುತ್ತೇವೆ, ನಾಳೆಯಿಂದ ಅವರು ಒಂದು ಒತ್ತಲಿ, ಆಮೇಲೆ ನೋಡೋಣ ಎಂದರು ಆ ಕಡೆಯವರು.

ಫೋನಿನ ಖಾತೆಯಲ್ಲಿ ಇನ್ನೂ ನೆಮ್ಮದಿಯಲ್ಲೇ ಇದ್ದ ಆಳನ್ನು ನರಸಿಂಹರಾಜು ಮರುದಿನ ಐದನೇ ಮಹಡಿಗೆ ಹತ್ತಿಸಿದರು. ಹತ್ತು ಗಂಟೆಗೆ ಗಂಗಣ್ಣನ ಜೇಬಿನಲ್ಲಿ ಫೋನು ಕೇಳಿತು. ಉತ್ತರ ಈಗ ಅವನಿಗೆ ಗೊತ್ತಿತ್ತು. ಆದರೆ ಎರಡೂ ಕೈಯಲ್ಲಿ ಸಾರುವೆಯ ಮರ ತಬ್ಬಿಕೊಂಡಿದ್ದವನು ಒತ್ತುವುದು ಯಾವ ಕೈಯಲ್ಲಿ? ಉತ್ತರ ಬಾರದಿದ್ದರೆ ನೆಮ್ಮದಿ ಎಂದೇ ಆ ಆ್ಯಪಿನ ಲೆಕ್ಕ.

ಕೆಳಗೆ ನನ್ನ ಫೋನು, ಆಳವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತಿತ್ತು. ಅವನು ಇಳಿಯುವವರೆಗೂ ನಾನು ಉಸಿರು ಬಿಗಿಹಿಡಿದು ಮೇಲೆ ನೋಡುತ್ತಾ ನಿಂತಿದ್ದೆ.