ಹತ್ತೊಂಬತ್ತನೇ ನಂಬರಿನ ಹಾಡು

ಶುಕ್ರವಾರ ಬೆಳಗಿನ ಐದೂವರೆ. ಸರೋವರದ ಕಡೆಯಿಂದ ಬೀಸುವ ಗಾಳಿ ಇನ್ನೂ ತಣ್ಣಗಿದೆ. ಅಮೆರಿಕದ ಹಾರ್ಲನ್‌ಪೋರ್ಟ್ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರ ಬಿಟ್ಟರೆ ಬೇರೆ ಸದ್ದಿಲ್ಲ. ಎಪ್ಪತ್ತೊಂದು ವರ್ಷದ ಬರ್ನೀಸ್ ಸ್ಟಾಂಕೊ ರೆಕಾರ್ಡುಗಳ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ನೆಲಮಾಳಿಗೆಯಿಂದ ಮೇಲಿನ ಕೋಣೆಗೆ ಐವತ್ತನಾಲ್ಕು ಮೆಟ್ಟಿಲು. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನೂ, ಎಣಿಕೆ ತಪ್ಪಬಾರದೆಂದು, ಎರಡು ಸಲ ಹತ್ತಿ ಎಣಿಸಿದ್ದೇನೆ.

ಕೋಣೆಯ ಸೂರು ತಗಡಿನದು. ಬಿಸಿಲೇರಿದರೆ ರೆಕಾರ್ಡುಗಳು ಹಪ್ಪಳದಂತೆ ಸೊಟ್ಟಗಾಗುತ್ತವೆ. ಹಾಗಾಗಿ ತಂಪಿರುವಾಗಲೇ ಒಂದೊಂದನ್ನೂ ಒರೆಸಿ, ಹಾಕಿ ಕೇಳಿ, ಒಂಬತ್ತರೊಳಗೆ ಮತ್ತೆ ಕೆಳಗಿಳಿಸಬೇಕು. ಈ ಕೆಲಸವನ್ನು ಬರ್ನೀಸ್ ನಲವತ್ತೇಳು ವರ್ಷಗಳಿಂದ ಮಾಡುತ್ತಿದ್ದಾರೆ. ಇವತ್ತು ಮಾತ್ರ ಒರೆಸುವ ಬಟ್ಟೆ ಎರಡು ಸಲ ಜಾರಿ ಬೀಳುತ್ತದೆ.

"ಬದುಕಿರೋ ಮನುಷ್ಯನ್ನ ಸಾಯಿಸಿಬಿಟ್ಟೆ," ಎನ್ನುತ್ತಾರೆ, ನನ್ನ ಮುಖ ನೋಡದೆ. "ಎರಡು ಸಾವಿರ ಜನರ ಮುಂದೆ."

ಏನಾಯಿತೆಂದು ಹೇಳುವ ಮೊದಲು ಅವರ ಕೆಲಸವೇನೆಂದು ಹೇಳಬೇಕು. ಇಲ್ಲಿನ ಸ್ಟೋಕರ್ಸ್ ತಂಡದ ಹುಡುಗನೊಬ್ಬ ಬ್ಯಾಟು ಹಿಡಿದು ನಡೆದು ಬರುವಾಗ ಹದಿನೈದು ಸೆಕೆಂಡು ಅವನದೇ ಹಾಡು ಮೊಳಗುತ್ತದೆ. ಅದನ್ನು ಹಾಕುವವರು ಬರ್ನೀಸ್. ಇದು ದೊಡ್ಡ ತಂಡವಲ್ಲ. ದೊಡ್ಡ ತಂಡಕ್ಕೆ ಹೋಗುವ ಆಸೆಯಲ್ಲಿ ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಬರುತ್ತಾರೆ. ಕೆಲವರು ಮೂರು ವರ್ಷ ಇರುತ್ತಾರೆ, ಕೆಲವರು ಮೂರು ವಾರ. ಬಂದವರು ಮೆಟ್ಟಿಲು ಹತ್ತಿ ಬಂದು, ಬರ್ನೀಸ್ ಎದುರು ನಿಂತು, ತಮ್ಮ ಹಾಡು ಯಾವುದೆಂದು ತಾವೇ ಹೇಳಬೇಕು. ಚೀಟಿ ಕಳಿಸುವಂತಿಲ್ಲ, ಗೆಳೆಯನ ಕೈಲಿ ಹೇಳಿಸುವಂತಿಲ್ಲ. ಈಗಿನ ಹುಡುಗರ ಹಾಡುಗಳು ಕಂಪ್ಯೂಟರಿನಲ್ಲಿವೆ. ಆದರೂ ಮೆಟ್ಟಿಲು ಹತ್ತುವುದು ತಪ್ಪಿಲ್ಲ.

ಅವರ ಬಳಿ ಸಾವಿರದ ಆರುನೂರು ಚಿಲ್ಲರೆ ಕಾರ್ಡುಗಳಿವೆ, ಒಬ್ಬ ಆಟಗಾರನಿಗೊಂದು; ಅವನ ಹೆಸರು, ಅವನ ಹಾಡಿರುವ ಪೆಟ್ಟಿಗೆಯ ನಂಬರು ಅದರಲ್ಲಿ. ಜೋಡಿಸಿರುವುದು ಹೆಸರಿನ ಪ್ರಕಾರವಲ್ಲ, ವರ್ಷ ಮತ್ತು ಅಂಗಿಯ ನಂಬರಿನ ಪ್ರಕಾರ. ಈ ಮೈದಾನದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ. ಎಂಬತ್ತೊಂದರ ಏಳು ಹೇಗಿದ್ದಾನೆ? ತೊಂಬತ್ತರ ಮೂವತ್ಮೂರು ಮದುವೆಯಾದನಂತೆ. ಬರ್ನೀಸ್ ಕಾರ್ಡು ನೋಡದೆಯೂ ಹೇಳಬಲ್ಲರು: "ಎಂಬತ್ತೊಂದರ ಏಳಾ? ಆನೆ ಹಂಗಿದ್ದ. ಚೆಂಡು ಹೊಡೆದ್ರೆ ಆಚೆ ಕಾರ್ಖಾನೆ ಗೋಡೆಗೆ ಬೀಳೋದು. ಹಾಡು ಮಾತ್ರ ಕೊಳಲು ಇರೋದೇ ಬೇಕು ಅಂದ. ಎದುರು ತಂಡದವರು ನಗೋರು. ನಕ್ಕು ಮುಗಿಸೋದ್ರಲ್ಲಿ ಚೆಂಡು ಗೋಡೆಗೆ! ಎಂಬತ್ತಾರರ ಇಪ್ಪತ್ತೆಂಟು ಇದ್ದನಲ್ಲ, ಗಿಟಾರು ಕೊನೇಲಿ ಕಿರುಚೋ ಜಾಗದಿಂದಲೇ ಶುರುಮಾಡಿ ಅಂತ ಹಟ. ರೆಕಾರ್ಡಿನ ಆ ಗೆರೇಲಿ ಮುಳ್ಳು ಕೂರಿಸೋಕೆ ಒಂದು ವಾರ ಅಭ್ಯಾಸ ಮಾಡಿದೆ."

ಊರಿನ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಇಪ್ಪತ್ತೊಂಬತ್ತು ವರ್ಷ ಬರ್ನೀಸ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದರು. ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ಬಿಟ್ಟು ನೇರ ಇಲ್ಲಿಗೆ. ಒಗೆಯುವ ಯಂತ್ರಗಳ ಗದ್ದಲಕ್ಕೆ ಎಡಗಿವಿ ಹೋಗಿದೆ. ಊರಿನಲ್ಲಿ ವರ್ಷಕ್ಕೆ ಎಪ್ಪತ್ತು ಆಟ. ಒಂದಕ್ಕೂ ರಜೆ ಹಾಕಿಲ್ಲ. ಗಂಡ ಸ್ಟೀವನನ್ನು ಮಣ್ಣು ಮಾಡಿ ಬಂದ ಸಂಜೆಯೂ ಆಟವಿತ್ತು. "ಮನೇಲಿ ಕೂತು ಏನು ಮಾಡ್ಲಿ? ಇಲ್ಲಾದ್ರೆ ಸದ್ದಿರುತ್ತೆ."

ಹಿಂದೆ ಇಲ್ಲಿ ಆಡಿದವರು ಯಾರಾದರೂ ತೀರಿಕೊಂಡರೆ ಮುಂದಿನ ಆಟಕ್ಕೆ ಮುಂಚೆ ಅವರ ಹಾಡನ್ನು ಪೂರ್ತಿ ಹಾಕುತ್ತಾರೆ. ಜನ ಟೋಪಿ ತೆಗೆದು ನಿಲ್ಲುತ್ತಾರೆ. ಹಾಡು ಮುಗಿದ ಮೇಲೆ ಪಕ್ಕದಲ್ಲೇ ಕೂರುವ ಗಸ್ ಪಪ್ಪಾಸ್ ಮೈಕಿನಲ್ಲಿ ಹೆಸರು ಓದುತ್ತಾರೆ. ಗುರುವಾರ ಕಚೇರಿಯಿಂದ ಎಂದಿನಂತೆ ಒಂದು ಚೀಟಿ ಬಂತು: ಎಪ್ಪತ್ತೆಂಟರ ಹತ್ತೊಂಬತ್ತು ತೀರಿಕೊಂಡಿದ್ದಾರೆ, ಮಗಳು ಫೋನ್ ಮಾಡಿದ್ದರು, ಹಾಡು ಹಾಕಿ. ಹೆಸರಿಲ್ಲ. ಇಲ್ಲಿನ ಚೀಟಿಗಳಲ್ಲಿ ಹೆಸರಿರುವುದೇ ಇಲ್ಲ. ಬರ್ನೀಸ್ ಕಾರ್ಡು ತೆಗೆದರು. ನಿಕಾನೋರ್ ಬಾಯೆಜ್, ಒಂಬತ್ತನೇ ಪೆಟ್ಟಿಗೆ, ಎರಡನೇ ಬದಿ, ಮೊದಲ ಹಾಡು. ಆಡುವುದು ಬಿಟ್ಟ ಮೇಲೆ ಇದೇ ಊರಿನಲ್ಲಿ ನಿಂತ ಮನುಷ್ಯ. ಬರ್ನೀಸ್ ಅಳುತ್ತಲೇ ಮುಳ್ಳು ಇಳಿಸಿದ್ದನ್ನು ನಾನು ನೋಡಿದ್ದೇನೆ.

ನಿಕಾನೋರ್ ಬಾಯೆಜ್ ಆಗ ಕೆಳಗೆ ಮೂರನೇ ಸಾಲಿನಲ್ಲಿ ಸಾಸೇಜ್ ತಿನ್ನುತ್ತಿದ್ದರು.

"ಎಲ್ಲರ ಜೊತೆ ನಾನೂ ಎದ್ದು ನಿಂತೆ. ಸತ್ತವರಿಗೆ ಮರ್ಯಾದೆ ಕೊಡಬೇಕಲ್ಲ," ಎಂದು ಆಮೇಲೆ ಅವರು ನನಗೆ ಹೇಳಿದರು. "ಹಾಡು ಶುರುವಾಯ್ತು. ಅರೆ, ನನ್ನ ಹಾಡು! ಪಾಪ, ನನ್ನ ಹಾಡನ್ನೇ ಇನ್ಯಾರೋ ಇಟ್ಕೊಂಡಿದ್ದನಲ್ಲಪ್ಪ, ಒಳ್ಳೆ ಮನುಷ್ಯ ಇದ್ದಿರಬೇಕು ಅಂದ್ಕೊಂಡೆ. ಕಣ್ಣಲ್ಲಿ ನೀರೂ ಬಂತು. ಆಮೇಲೆ ಗಸ್ ಹೆಸರು ಓದಿದ."

ಪಕ್ಕದ ಸೀಟಿನ ಹೆಂಗಸು ಅವರತ್ತ ತಿರುಗಿ ನೋಡಿ ಕಿರುಚಿದ ಸದ್ದಿಗೆ ಮೈದಾನವೇ ಆ ಕಡೆ ತಿರುಗಿತು. ಸಾಸೇಜ್ ಕೆಳಗೆ ಬಿತ್ತು. ಗಸ್ ದುರ್ಬೀನು ಹಿಡಿದು ನೋಡಿದರು. ಮೈಕು ಇನ್ನೂ ಆನ್ ಇತ್ತು. "ಬರ್ನಿ... ಏ ಬರ್ನಿ, ಅವನು ನಿಂತಿದಾನೆ ಕಣೇ. ಬಾಯಿ ಒರೆಸ್ಕೋತಿದಾನೆ!" ಎರಡು ಸಾವಿರ ಜನ ಇದನ್ನು ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಟೋಪಿಗಳು ಕೈಯಲ್ಲೇ ಉಳಿದವು.

ಶುಕ್ರವಾರ ಒಂಬತ್ತಕ್ಕೆ, ರೆಕಾರ್ಡುಗಳನ್ನು ಕೆಳಗಿಳಿಸಿ ಮುಗಿಯುವಷ್ಟರಲ್ಲಿ, ಫೋನ್ ಬರುತ್ತದೆ. ಬರ್ನೀಸ್ ಬಲಗಿವಿಗೆ ಹಿಡಿಯುತ್ತಾರೆ. ಆ ಕಡೆ ನೋರೀನ್ ಎಂಬ ಹೆಂಗಸು. ಆಕೆಗೆ ಹಿಂದಿನ ಸಂಜೆಯ ರಾದ್ಧಾಂತ ಗೊತ್ತಿಲ್ಲ.

"ಅಪ್ಪನ ಹಾಡು ಹಾಕಿದ್ರಾ ಮೇಡಂ? ಭಾನುವಾರ ನಾನೇ ಬರ್ತಿದೀನಿ, ಆರು ಗಂಟೆ ಪ್ರಯಾಣ. ಇನ್ನೊಂದ್ಸಲ ಹಾಕ್ತೀರಾ? ಅಪ್ಪನ ಹೆಸರು ಲೈಲ್ ಹ್ಯಾಡೊಕ್. ನಿಮ್ಮಲ್ಲಿ ಹನ್ನೊಂದೇ ದಿನ ಆಡಿದ್ದು. 'ಒಂದೂರಲ್ಲಿ ನನಗೆ ಅಂತ ಒಂದು ಹಾಡಿತ್ತು' ಅಂತ ಸಾಯೋವರೆಗೂ ಹೇಳ್ತಿದ್ರು. ಯಾವ ಹಾಡು ಅಂತ ಹೇಳ್ಲಿಲ್ಲ. ಅಲ್ಲಿಗೆ ಹೋದ್ರೆ ಕೇಳಿಸ್ತಾರೆ ಅಂತಿದ್ರು."

ಬರ್ನೀಸ್ "ಹಾಕ್ತೀನಮ್ಮ" ಎಂದು ಫೋನ್ ಇಡುತ್ತಾರೆ. ಕುರ್ಚಿಯಲ್ಲಿ ಕೂರುತ್ತಾರೆ.

ಎಪ್ಪತ್ತೆಂಟು ಅವರ ಮೊದಲ ವರ್ಷ. ಆಗ ಪ್ರತಿ ತಿಂಗಳ ಒಂದನೇ ತಾರೀಖು ಕಾರ್ಡು ಬರೆಯುತ್ತಿದ್ದರು. ಕಚೇರಿಯ ಹಳೆಯ ಪಟ್ಟಿಯ ಪ್ರಕಾರ ಲೈಲ್ ಹ್ಯಾಡೊಕ್ ಜೂನ್ ಮಧ್ಯದಲ್ಲಿ ಬಂದು, ಎರಡು ತಾರೀಖುಗಳ ನಡುವೆ ಸಿಕ್ಕಿಕೊಂಡು, ಕಾರ್ಡಿಲ್ಲದೆ ಹೋದ. ಅದೇ ಅಂಗಿ ಇನ್ನೊಬ್ಬನಿಗೆ ಹೋಯಿತು. ಬಡ ತಂಡ, ನಂಬರಿಗೆ ಒಂದೇ ಅಂಗಿ.

"ಮುಖಾನೂ ನೆನಪಿಲ್ಲ," ಎನ್ನುತ್ತಾರೆ ಬರ್ನೀಸ್. "ಎಲ್ಲರೂ ನೆನಪಿದಾರೆ ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದೆನಲ್ಲ. ಅವನು ಈ ಮೆಟ್ಟಿಲು ಹತ್ತಿದಾನೆ, ಇಲ್ಲೇ ನಿಂತು ಮಾತಾಡಿದಾನೆ. ನನಗೆ ಮುಖಾನೇ ಇಲ್ಲ." ಹಿಂದಿನ ಸಂಜೆಗಿಂತ ಹೆಚ್ಚು ಆಘಾತ ಅವರ ಮುಖದಲ್ಲಿ ನನಗೆ ಕಂಡದ್ದು ಈಗ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಬಳಸಿದ ರೆಕಾರ್ಡುಗಳು ಇನ್ನೂರ ಹನ್ನೆರಡು. ಹಾಡು ಸಾವಿರಕ್ಕೂ ಮೇಲೆ. ಶುಕ್ರವಾರ ಇಡೀ ದಿನ ಅವರು ನೆಲಮಾಳಿಗೆಯಲ್ಲೇ ಒಂದೊಂದು ಹಾಡಿನ ಶುರುವನ್ನಷ್ಟೇ ಹಾಕಿ, ಕಣ್ಣು ಮುಚ್ಚಿ, ಯಾರಾದರೂ ಕಾಣುತ್ತಾರೇನೋ ಎಂದು ಕಾದರು. ಬೇರೆಯವರೆಲ್ಲ ಕಂಡರು. ಹಾಡು ಸಿಗದಿದ್ದರೆ ಭಾನುವಾರ ಕಂಪ್ಯೂಟರಿನಲ್ಲಿರುವ ಶೋಕಸಂಗೀತ ಹಾಕಿಬಿಡೋಣ, ಯಾರಿಗೆ ಗೊತ್ತಾಗುತ್ತೆ ಎಂದು ಕಚೇರಿಯವರು ಹೇಳಿ ಕಳಿಸಿದರು. "ನನಗೆ ಗೊತ್ತಾಗುತ್ತೆ," ಎಂದರು ಬರ್ನೀಸ್.

ಶನಿವಾರ ಮಧ್ಯಾಹ್ನ ನಿಕಾನೋರ್ ಬರುತ್ತಾರೆ. ಎಪ್ಪತ್ತರ ಹತ್ತಿರ, ಎಡಮಂಡಿ ಮಡಚುವುದಿಲ್ಲ. ಬಾಗಿಲಲ್ಲೇ ಗಸ್ ತಡೆಯುತ್ತಾರೆ.

"ಸತ್ತವರಿಗೆ ಟಿಕೆಟ್ ಬೇಡ, ಒಳಗೆ ಬಾರೋ."

"ನಗು, ನಗು. ನಿನ್ನ ದೆಸೆಯಿಂದ ಮನೇಲಿ ಹೂವು ಇಡೋಕೆ ಜಾಗ ಇಲ್ಲ. ಪಕ್ಕದ ಮನೆಯವಳು ದೊಡ್ಡ ಪಾತ್ರೆ ತುಂಬ ಊಟ ತಂದ್ಲು. ಬಾಗಿಲು ತೆಗೆದೋನು ನಾನೇ. ನನ್ನ ನೋಡಿ ಪಾತ್ರೆ ವಾಪಸ್ ತಗೊಂಡು ಹೋದ್ಲು ಕಣೋ!"

ಅವರು ಜಗಳಕ್ಕೆ ಬಂದಿಲ್ಲ. ಬರ್ನೀಸ್ ಊಟ ಬಿಟ್ಟಿದ್ದಾರೆಂದು ಯಾರೋ ಹೇಳಿದರಂತೆ, ಸಮಾಧಾನ ಹೇಳಲು ಬಂದಿದ್ದಾರೆ. ನೆಲಮಾಳಿಗೆಯಲ್ಲಿ ರೆಕಾರ್ಡುಗಳ ನಡುವೆ ಕೂತಿದ್ದ ಬರ್ನೀಸ್ ತಪ್ಪಾಯಿತೆಂದು ಹೇಳುತ್ತಾ ಕಾರ್ಡನ್ನೇ ಅವರ ಕೈಗಿಡುತ್ತಾರೆ. ಲೈಲ್ ಹ್ಯಾಡೊಕ್‌ನ ವಿಷಯವನ್ನೂ ಹೇಳುತ್ತಾರೆ. ನಿಕಾನೋರ್ ಕಾರ್ಡು ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ.

"ದೋನ್ಯಾ ಬರ್ನಿ," ಎನ್ನುತ್ತಾರೆ. ಹಿರಿಯ ಹೆಂಗಸರನ್ನು ಸ್ಪ್ಯಾನಿಷ್ ಮಾತಾಡುವ ಅವರ ಕಡೆ ಹಾಗೆ ಕರೆಯುವುದು. "ಈ ಹಾಡು ನಾನು ಹೇಳಿದ್ದಲ್ಲ."

"ಏನಂದೆ?"

"ನಾನು ಯಾವತ್ತು ನಿಮ್ಮ ಹತ್ರ ಬಂದಿದ್ದೆ ಹೇಳಿ? ಜುಲೈ ಎರಡಕ್ಕೆ ನಮ್ಮ ದ್ವೀಪದಿಂದ ಬಂದಿಳಿದೆ. ನನಗೆ ಬರ್ತಿದ್ದ ಇಂಗ್ಲಿಷು ನಾಲ್ಕು ಮಾತು, ಅದ್ರಲ್ಲಿ ಮೂರು ಬೈಗುಳ. ಮೆಟ್ಟಿಲು ಹತ್ತಿ ಹೋಗಿ ಹೇಳಬೇಕು ಅಂತ ಯಾರೂ ಹೇಳ್ಲಿಲ್ಲ. ಅಂಗಿ ಕೊಟ್ರು, ಒಗೆದು ಇನ್ನೂ ಒಣಗಿರ್ಲಿಲ್ಲ. ಹಾಕ್ಕೊಂಡು ನಡೆದೆ, ಈ ಹಾಡು ಬಂತು. ಈ ದೇಶದಲ್ಲಿ ಅಂಗಿ ಜೊತೆ ಹಾಡೂ ಕೊಡ್ತಾರೆ ಅಂದ್ಕೊಂಡೆ."

ಬರ್ನೀಸ್ ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಹೊಸ ಹುಡುಗ ಬಂದು ಹೇಳುವವರೆಗೆ ಆ ನಂಬರಿಗೆ ಮೊದಲಿದ್ದ ಹಾಡನ್ನೇ ಹಾಕುವುದು ಅವರ ಪದ್ಧತಿ. ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಕಾದಿದ್ದರು. ಆಗಸ್ಟ್ ಒಂದಕ್ಕೆ ಕಾರ್ಡು ಬರೆಯುವಾಗ ಕಾಯುತ್ತಿದ್ದದ್ದೇ ಮರೆತುಹೋಗಿತ್ತು.

ಗುರುವಾರ ಅವರು ಹಾಕಿದ ಹಾಡು ಸರಿಯಾಗಿತ್ತು. ತಪ್ಪಿದ್ದು ಹೆಸರು.

"ನನ್ನ ಮದುವೇಲೂ ಬ್ಯಾಂಡಿನವರು ಇದನ್ನೇ ಬಾರಿಸಿದ್ರು," ನಿಕಾನೋರ್ ಮೆಲ್ಲಗೆ ಹೇಳುತ್ತಾರೆ. "ಆ ವರ್ಷ ಅಂಗಿ ವಾಪಸ್ ಕೊಟ್ಟೆ. ಹಾಡು ಕೊಡೋದು ಬಾಕಿ ಇತ್ತು ಅಂತ ಕಾಣುತ್ತೆ. ಅವನಿಗೇ ಕೊಟ್ಬಿಡಿ."

ಬರ್ನೀಸ್‌ಗೆ ಸಮಾಧಾನವಿಲ್ಲ. ಒಬ್ಬನ ನಲವತ್ತೇಳು ವರ್ಷದ ಹಿಂದಿನ ನೆನಪನ್ನು ನಂಬಿ ಎರಡನೇ ಸಲ ತಪ್ಪಿದರೆ? ನನಗೂ ಅದೇ ಅಳುಕಿತ್ತು. ಕೇಳಿ ತಿಳಿಯಲು ಬೇರೆ ಯಾರೂ ಉಳಿದಿಲ್ಲ.

ಭಾನುವಾರ ಮಧ್ಯಾಹ್ನ ಒಂದಕ್ಕೆ, ಉರಿಬಿಸಿಲಲ್ಲಿ, ಜನ ಟೋಪಿ ತೆಗೆದು ನಿಲ್ಲುತ್ತಾರೆ. ನೋರೀನ್ ಮೊದಲ ಸಾಲಿನಲ್ಲಿದ್ದಾಳೆ, ಐವತ್ತರ ಆಸುಪಾಸಿನ ಶಾಲಾ ಅಡುಗೆಯಾಕೆ. ನಾನು ಅವಳ ಹಿಂದೆಯೇ ನಿಂತಿದ್ದೇನೆ. ಮೇಲಿನ ಕೋಣೆಯಲ್ಲಿ ಮುಳ್ಳು ಇಳಿಯುತ್ತದೆ. ಕರಕರ. ಆಮೇಲೆ ಡ್ರಮ್ಮಿನ ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆರಡು ಪೆಟ್ಟು.

ಗಿಟಾರು ಇನ್ನೂ ಶುರುವಾಗಿಲ್ಲ. ನೋರೀನ್ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಬಿಡುತ್ತಾಳೆ.

"ಇದು ಊಟದ ಮೇಜು," ಎನ್ನುತ್ತಾಳೆ, ಯಾರಿಗೆಂದಲ್ಲ. "ಅಪ್ಪ ಎರಡು ಬೆರಳಲ್ಲಿ ದಿನಾ ಮೇಜು ಕುಟ್ಟೋರು. ಹೀಗೇ. ನಾಲ್ಕು, ಆಮೇಲೆ ಎರಡು. ಅಮ್ಮ ನಿಲ್ಸಿ ಅಂತ ಬೈಯೋಳು. ಅಯ್ಯೋ ದೇವರೇ, ಹಾಡಾ ಇದು? ಇದು ಹಾಡಾ?" ಅವಳು ನಗುತ್ತಿದ್ದಾಳೆ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದೆ. ನಾಲ್ಕೂವರೆ ನಿಮಿಷ ಅವಳ ಎರಡು ಬೆರಳು ಕಂಬಿಯ ಮೇಲೆ ಕುಟ್ಟುತ್ತಲೇ ಇರುತ್ತವೆ. ಗಸ್ ಲೈಲ್ ಹ್ಯಾಡೊಕ್ ಎಂಬ ಹೆಸರನ್ನು ನಿಧಾನವಾಗಿ, ಬಿಡಿಸಿ ಓದುತ್ತಾರೆ.

ಆಟ ಮುಗಿದ ಮೇಲೆ ಮೆಟ್ಟಿಲ ಮೇಲೆ ಸದ್ದು. ಒಂದು ಕಾಲು, ತಡೆದು ಇನ್ನೊಂದು ಕಾಲು. ಗಸ್ ಎದ್ದು ಹೋಗಿ ಕೈಹಿಡಿಯಲು ನೋಡಿದರೆ ಬರ್ನೀಸ್ ತಡೆಯುತ್ತಾರೆ. ಮೆಟ್ಟಿಲೆಲ್ಲ ಮುಗಿಸಿ, ಏದುಸಿರು ಬಿಡುತ್ತ ನಿಕಾನೋರ್ ಬಾಯೆಜ್ ಅವರ ಎದುರು ನಿಂತು ಟೋಪಿ ತೆಗೆಯುತ್ತಾರೆ.

"ಎಪ್ಪತ್ತೆಂಟರ ಹತ್ತೊಂಬತ್ತು. ಹಾಡು ಹೇಳೋಕೆ ಬಂದೆ."

"ಲೇಟಾಗಿ ಬಂದೆ," ಎನ್ನುತ್ತಾರೆ ಬರ್ನೀಸ್, ಪೆನ್ನು ತೆಗೆಯುತ್ತ. "ಹೇಳು."

ಅವರು ಹೇಳಿದ್ದು ಕೈಯಿಂದ ಬಾರಿಸುವ ಎರಡು ಡೋಲುಗಳ ನಡುವೆ ಗಿಟಾರು ಒಂದೇ ಸ್ವರವನ್ನು ಉಸಿರು ಕಟ್ಟುವಷ್ಟು ಎಳೆದು ನಿಲ್ಲಿಸುವ ಹಾಡು. ಮೂರನೇ ಪೆಟ್ಟಿಗೆ, ಮೊದಲ ಬದಿ. ಎಪ್ಪತ್ತೆಂಟರ ಇಡೀ ಬೇಸಿಗೆ ಅದು ಬರ್ನೀಸ್ ಕೈಗೆಟುಕುವಲ್ಲೇ ಇತ್ತು.

"ಯಾವಾಗ ಹಾಕ್ತೀರಿ?"

"ಬ್ಯಾಟು ಹಿಡಿದು ಬಂದೋರಿಗೆ ಹಾಕ್ತೀವಿ. ಇಲ್ಲ ಸತ್ತೋರಿಗೆ."

"ಸಾಯೋದು ಒಂದ್ಸಲ ಆಗಿದೆ," ಎನ್ನುತ್ತಾರೆ ಗಸ್. "ಬ್ಯಾಟೇ ಹಿಡೀಲಿ ಬಿಡು."

ಸೋಮವಾರ ಆಟವಿಲ್ಲ. ಬೆಳಗಿನ ಆರು ಗಂಟೆ. ಖಾಲಿ ಮೈದಾನದಲ್ಲಿ ನಿಕಾನೋರ್ ಬ್ಯಾಟನ್ನು ಊರುಗೋಲಿನಂತೆ ಊರಿ, ಇಬ್ಬನಿಯ ಹುಲ್ಲಿನ ಮೇಲೆ ಕುಂಟುತ್ತ ನಡೆದು ಬರುತ್ತಾರೆ. ಹದಿನೈದು ಸೆಕೆಂಡಿಗೆ ಮುಳ್ಳು ಎತ್ತುವುದು ನಿಯಮ. ಬರ್ನೀಸ್ ಎತ್ತುವುದಿಲ್ಲ. ಏಳು ನಿಮಿಷ ಹಾಡು ಪೂರ್ತಿ ಮೊಳಗುತ್ತದೆ. ಕೆಳಗೆ ಆ ಮನುಷ್ಯ ಬ್ಯಾಟು ಹೆಗಲಿಗೇರಿಸಿ, ಬಾರದ ಚೆಂಡಿಗಾಗಿ ಕಾಯುತ್ತ ನೆಟ್ಟಗೆ ನಿಂತಿರುತ್ತಾರೆ.

ಹಾಡು ಮುಗಿದ ಮೇಲೆ ಬರ್ನೀಸ್ ರೆಕಾರ್ಡನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ. ಅವರು ನಿಕಾನೋರ್ ಅವರ ಹೊಸ ಕಾರ್ಡನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಹೊಸದಾಗಿ ಬರೆದ ಲೈಲ್ ಹ್ಯಾಡೊಕ್‌ನ ಕಾರ್ಡಿನ ಪಕ್ಕಕ್ಕೆ ಸರಿಸುತ್ತಾರೆ.

"ನಲವತ್ತೇಳು ವರ್ಷದಲ್ಲಿ ಒಂದು ರಜೆ ಕೇಳಿಲ್ಲ. ನಿಕಾನೋರ್ ನಿಜವಾಗ್ಲೂ ಹೋದಾಗ ಇವನ ಹಾಡು ಎರಡನೇ ಸಲ ಹಾಕಬೇಕಾಗುತ್ತಲ್ಲ, ಆ ದಿನ ಕೇಳ್ತೀನಿ. ಗಸ್‌ಗೆ ಪೆಟ್ಟಿಗೆ ನಂಬರು ಹೇಳಿಟ್ಟಿದೀನಿ."