ಒಪ್ಪತ್ತು ಹಿಡಿದು ಹಾರಿದ ದಿನಗಳು

ನನಗೆ ವಿಮಾನ ಓಡಿಸಲು ಕಲಿಸಿದ ಬಿಳಿ ಸಾಹೇಬರಿಗೆ ನನ್ನ ಮುಖಕ್ಕಿಂತ ನನ್ನ ಕೈಯ ಪರಿಚಯ ಹೆಚ್ಚಿತ್ತು. ಆಗಿನ ಕಲಿಕೆಯ ವಿಮಾನಕ್ಕೆ ಎರಡೇ ಸೀಟು, ಒಂದರ ಹಿಂದೆ ಒಂದು. ಮುಂದೆ ಅವರು, ಹಿಂದೆ ನಾನು. ಇಬ್ಬರ ಮೊಣಕಾಲುಗಳ ನಡುವೆಯೂ ಒಂದೊಂದು ಕೋಲು. ಎರಡನ್ನೂ ಒಳಗೊಳಗೇ ಜೋಡಿಸಿದ್ದರು. ನನ್ನ ಕೋಲು ಅಲುಗಿದರೆ ಅವರದೂ ಅಲುಗುತ್ತಿತ್ತು. ನನ್ನ ಕೈ ನಡುಗುವುದನ್ನು ಜಗತ್ತಿನ ಯಾರಿಂದ ಬೇಕಾದರೂ ಮುಚ್ಚಿಡಬಹುದಿತ್ತು, ಅವರಿಂದ ಮಾತ್ರ ಆಗುತ್ತಿರಲಿಲ್ಲ.

ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಕೆಲವು ಹುಡುಗರನ್ನು ಆರಿಸಿ ಹೈದರಾಬಾದಿನಲ್ಲಿ ವಿಮಾನ ಕಲಿಸುತ್ತಿದ್ದರು. ಕಲಬುರಗಿಯಿಂದ ನಾನೊಬ್ಬನೇ ಹೋಗಿದ್ದೆ. ನನ್ನ ಜೊತೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಸಾಹೇಬರಿಲ್ಲದೆ ಹಾರಿ ಇಳಿದು, ಮೀಸೆ ತಿರುವುತ್ತ ಓಡಾಡುತ್ತಿದ್ದರು. ನಾನು ಮಾತ್ರ ಸಾಹೇಬರ ಬೆನ್ನನ್ನೇ ನೋಡುತ್ತ ಕೂತಿದ್ದೆ. ಒಂದು ಬೆಳಿಗ್ಗೆ ಇಳಿಯುವಾಗ ಕೋಲು ಎಷ್ಟು ನಡುಗಿತೆಂದರೆ ಅವರೇ ಕಸಿದುಕೊಂಡು ಇಳಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರಿಗೆ ಹೋಗು, ಹೊಟ್ಟೆ ತುಂಬ ತಿನ್ನು, ಕಣ್ಣು ತುಂಬ ಮಲಗು, ವಿಮಾನದ ಸುದ್ದಿ ಎತ್ತಬೇಡ ಎಂದರು. ಬಂದ ಮೇಲೂ ಹೀಗೇ ಇದ್ದರೆ ಹೆಸರು ಹೊಡೆದುಹಾಕುವುದಾಗಿ ಅಷ್ಟೇ ಮೆತ್ತಗೆ ಹೇಳಿದರು.

ಇಲ್ಲಿ ನಮ್ಮ ಅವ್ವನ ಹರಕೆಯ ಸಂಗತಿ ಹೇಳಬೇಕು. ನಾನು ಹೈದರಾಬಾದಿಗೆ ಹೊರಟಾಗ ಆಕೆ ಅಳಲಿಲ್ಲ, ತಡೆಯಲಿಲ್ಲ. ಗುಡಿಗೆ ಹೋಗಿ ಬಂದು, ಮಗ ಹಾರುವುದು ಕಲಿತು ಮುಗಿಸುವ ತನಕ ಒಪ್ಪತ್ತು ಇರುವುದಾಗಿ ತಣ್ಣಗೆ ಹೇಳಿದಳು. ಒಪ್ಪತ್ತು ಅಂದರೆ ದಿನಕ್ಕೆ ಒಂದೇ ಊಟ. ಆ ಊಟವೂ ಮಧ್ಯಾಹ್ನ ವಾಡಿ ಕಡೆಯಿಂದ ಹೈದರಾಬಾದಿನ ರೈಲು ಬಂದು ಕೂಗಿದ ಮೇಲೆ. ಕೆಟ್ಟ ಸುದ್ದಿ ಬರುವುದಿದ್ದರೆ ಆ ರೈಲಿನಲ್ಲೇ ಬರಬೇಕು ಎಂಬುದು ಆಕೆಯ ಲೆಕ್ಕ. ಕಲಬುರಗಿಯ ಗಾಜಿಪುರ ಓಣಿಯ ನಮ್ಮ ಮನೆಯ ಅಡಿಗೆಮನೆಗೆ ಆ ಕೂಗು ಕೇಳುತ್ತಿತ್ತು. ಕೂಗು ಕೇಳಿ, ಬಾಗಿಲಿಗೆ ಯಾರೂ ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ರೊಟ್ಟಿ ಮುರಿಯುತ್ತಿದ್ದಳು. ಶುಕ್ರವಾರ ಮಾತ್ರ ಎಲ್ಲರಂತೆ ಉಣ್ಣುತ್ತಿದ್ದಳು. ನಿಜಾಮರ ರಾಜ್ಯದಲ್ಲಿ ಶುಕ್ರವಾರ ಸರಕಾರಿ ಸೂಟಿ, ವಿಮಾನ ಹಾರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಬ್ಬರು ಒಪ್ಪತ್ತು ಹಿಡಿದರೆ ಉಳಿದವರು ಅವರೆದುರು ತಟ್ಟೆ ಹಾಕಿಕೊಳ್ಳುವ ರಿವಾಜು ಇರಲಿಲ್ಲ. ಚಿಕ್ಕಂದಿನಿಂದ ಹಾಗೇ ಬೆಳೆದವನು ನಾನು. ಹೈದರಾಬಾದಿನಲ್ಲಿ ಮೊದಲ ದಿನ ನಾಷ್ಟಾದ ಮುಂದೆ ಕೂತಾಗ, ಅಲ್ಲಿ ಅವ್ವ ಹಸಿದು ರೈಲಿನ ದಾರಿ ಕಾಯುತ್ತಿದ್ದಾಳೆ ಎಂಬುದು ನೆನಪಾಗಿ ಕೈ ಏಳಲಿಲ್ಲ. ಅಂದಿನಿಂದ ನಾನೂ ಒಪ್ಪತ್ತು ಹಿಡಿದೆ. ಯಾರಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಬೆಳಗಿನ ಗಾಳಿ ಶಾಂತವಾಗಿರುವುದರಿಂದ ನಮ್ಮ ಹಾರಾಟವೆಲ್ಲ ನಸುಕಿನಲ್ಲಿ. ಹಸಿವಾದರೆ ಇರಾನಿ ಹೋಟೆಲಿನ ಕಡಕ್ ಚಹಾ ಕುಡಿಯುತ್ತಿದ್ದೆ, ಮತ್ತೆ ಹಸಿವಾದರೆ ಮತ್ತೆ ಚಹಾ. ಶುಕ್ರವಾರ ಎರಡು ಹೊತ್ತು ಉಂಡು ಕುಂಭಕರ್ಣನ ಹಾಗೆ ಮಲಗುತ್ತಿದ್ದೆ. ನನ್ನ ಭಕ್ತಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ನಡುಕಕ್ಕೂ ಈ ಹೆಮ್ಮೆಗೂ ಸಂಬಂಧವಿದ್ದೀತು ಎಂದು ಹೊಳೆಯಲೇ ಇಲ್ಲ. ನಾನು ಹುಟ್ಟು ಪುಕ್ಕಲ ಎಂದು ತೀರ್ಮಾನಿಸಿದ್ದೆ. ಪುಕ್ಕಲನಾಗಿರುವುದು ಗೊತ್ತಾದೀತೆಂಬ ಭಯಕ್ಕೆ ನಿದ್ದೆ ಹೋಯಿತು, ನಿದ್ದೆ ಹೋದದ್ದಕ್ಕೆ ಕೈ ಇನ್ನಷ್ಟು ನಡುಗಿತು. ನನಗೆ ಬೇರೆ ಏನೂ ಬೇಕಿರಲಿಲ್ಲ. ಮುಂದಿನ ಸೀಟು ಖಾಲಿಯಿರುವ ವಿಮಾನದಲ್ಲಿ ಒಂದೇ ಒಂದು ಸಲ ಹಾರಿ ಇಳಿಯಬೇಕಿತ್ತು. ಅದು ಕೈತಪ್ಪುತ್ತಿತ್ತು.

ಊರಿಗೆ ಬಂದೆ. ರಜೆ ಏಕೆ ಸಿಕ್ಕಿತೆಂದು ಮನೆಯಲ್ಲಿ ಹೇಳಲಿಲ್ಲ. ನಮ್ಮಪ್ಪ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ, ಮಿತಭಾಷಿ. ಆದರೆ ಮಗ ಬಂದ ಸುದ್ದಿಯನ್ನು ಆತ ಹೇಗೆ ಹಬ್ಬಿಸಿದನೋ, ಓಣಿಗೆ ಓಣಿಯೇ ನೆರೆಯಿತು. ಮೇಲಿನಿಂದ ನೋಡಿದರೆ ತಮ್ಮ ಮನೆಯ ಅಂಗಳ ಕಾಣುತ್ತದೇನು ಎಂದು ಒಬ್ಬಾಕೆ ಕೇಳಿದಳು. ಕಾಣುತ್ತದೆ ಎಂದೆ. ಮರುದಿನ ಆಕೆಯ ಅಂಗಳದ ಬಚ್ಚಲಿನ ಮೇಲೆ ತಟ್ಟಿಯ ಮರೆ ಕಟ್ಟಿದರು. ಪಕ್ಕದ ಮನೆಯ ವಕೀಲ ಸಾಹೇಬರು ನನ್ನ ಮುಖ ನೋಡಿ, ಬದಾಮು ನೆನೆಹಾಕಿ ತಿನ್ನಲು ಹೇಳಿದರು. ಇನ್ನೊಬ್ಬರು ಅಂಗಾಲಿಗೆ ಎಣ್ಣೆ ತಿಕ್ಕಲು ಹೇಳಿದರು. ಮತ್ತೊಬ್ಬರು ಮದುವೆ ಮಾಡಿರೆಂದರು. ಕಲಬುರಗಿಯಲ್ಲಿ ಇಷ್ಟು ಮಂದಿ ಹಕೀಮರಿರುವುದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು, ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ಬೈಯುವ ಹಾಗೂ ಇಲ್ಲ. ಮಧ್ಯಾಹ್ನದ ತನಕ ಅವ್ವನ ಜೊತೆ ಅಡಿಗೆಮನೆಯಲ್ಲಿ ರೈಲಿನ ಕೂಗಿಗೆ ಕಾಯುತ್ತ ಕೂರುತ್ತಿದ್ದೆ. ನಾನು ಮನೆಯಲ್ಲೇ ಕಣ್ಣೆದುರಿಗೆ ಇದ್ದರೂ ಆಕೆ ನೇಮ ಬಿಟ್ಟಿರಲಿಲ್ಲ; ಹರಕೆ ಹರಕೆಯೇ. ತಾಯಿಯೊಡನೆ ಉಣ್ಣಲು ಕಾಯುವ ಮಗ ಎಂದು ನೋಡಿದವರು ಮೆಚ್ಚಿಕೊಂಡರು.

ನಾನು ಸೊರಗುತ್ತಿರುವುದನ್ನು ಕಂಡು ಅವ್ವ ನನ್ನನ್ನು ಕಮಲಾಪುರಕ್ಕೆ ಅಕ್ಕನ ಮನೆಗೆ ಕಳಿಸಿದಳು. ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳ ಗಂಡನ ಮನೆಯವರಿಗೆ ಕೆಂಪು ಬಾಳೆಯ ತೋಟವಿತ್ತು. ಮೋಟಾರು ಬಸ್ಸಿನಿಂದ ಇಳಿದು ತೋಟದ ದಾರಿ ಹಿಡಿದಾಗ ಮೊದಲ ಬಾರಿಗೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಭಾವ ಗೊನೆ ಕಡಿಯುತ್ತಿದ್ದ. ಬಂದ್ಯಾ ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ತಿರುಗಿದ. ವಿಮಾನಕ್ಕಿಂತ ಗೊನೆ ದೊಡ್ಡದು ಎನ್ನುವ ಮನುಷ್ಯ ಅವನು. ಬಾವಿಯ ಪಕ್ಕದ ಕಟ್ಟೆ, ಬಾಳೆ ಎಲೆಯ ನೆರಳು, ಕಾಲುವೆಯಲ್ಲಿ ಹರಿಯುವ ನೀರಿನ ಸದ್ದು. ಅಲ್ಲಿ ನನಗೆ ಹಗಲಲ್ಲೇ ನಿದ್ದೆ ಬಂತು.

ಅಕ್ಕ ಆ ದಿನಗಳಲ್ಲಿ ಹಳೆಯ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತಿದ್ದಳು. ಅವಳಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಬೆಳಗಿನ ಕೆಲಸ ಮುಗಿಸಿ ಬಂದು, ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಟ್ಟಳು. ದಾರದ ತುದಿ ಸೂಜಿಯ ಕಣ್ಣು ಬಿಟ್ಟು ಬೇರೆಲ್ಲ ಕಡೆ ಹೋಯಿತು. ಎಂಜಲು ಹಚ್ಚಿ ಹೊಸೆದೆ, ಉಸಿರು ಹಿಡಿದೆ, ಆಗಲಿಲ್ಲ. ಸಿಟ್ಟು ಬಂದು ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದುಹೋದೆ. ಅಕ್ಕ ಮರುದಿನವೂ ಕೊಟ್ಟಳು, ಮರುದಿನವೂ ಅದೇ ಹಾಡು. ಅವಳು ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟರೆ ಹೊತ್ತಾಗಲಿ ಎನ್ನುತ್ತಿದ್ದೆ. ಚಹಾ ಮಾತ್ರ ಕೇಳಿ ಕೇಳಿ ಕುಡಿಯುತ್ತಿದ್ದೆ.

ಶುಕ್ರವಾರ ಬಂತು. ನಾನು ಎದ್ದವನೇ ರೊಟ್ಟಿಯ ಬುಟ್ಟಿಯನ್ನೇ ಎದುರಿಗೆ ಎಳೆದುಕೊಂಡೆ. ಶೇಂಗಾ ಹಿಂಡಿ ಚಟ್ನಿ, ಮೊಸರು, ಮೇಲೆ ಎರಡು ಬಾಳೆಹಣ್ಣು. ಆಮೇಲೆ ಅಕ್ಕ ಸೂಜಿ ಕೊಟ್ಟಳು. ದಾರ ಒಂದೇ ಏಟಿಗೆ ಹೋಯಿತು. ಅವಳು ಇನ್ನೊಂದು ಸೂಜಿ ಕೊಟ್ಟಳು, ಅದೂ ಹೋಯಿತು. ಮೂರನೆಯದನ್ನು ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇವತ್ತ ಕೈ ನಡುಗಲಿಲ್ಲ," ಎಂದಳು.

ಶುಕ್ರವಾರ ಹಾರುವುದಿಲ್ಲವಲ್ಲ, ಮನಸ್ಸು ಹಗುರ ಇರುತ್ತದೆ ಎಂದೆ.

"ನಿನ್ನೆ ಎಲ್ಲಿ ಹಾರಿದ್ಯೋ? ನಿನ್ನೆನೂ ಇದೇ ಕಟ್ಟಿ ಮ್ಯಾಲ ಕುಂತಿದ್ದಿ."

ಅಕ್ಕ ಕೌದಿಯನ್ನು ಪಕ್ಕಕ್ಕೆ ಸರಿಸಿದಳು. ಅವ್ವನ ಹರಕೆ ಅವಳಿಗೆ ಗೊತ್ತಿತ್ತು, ಶುಕ್ರವಾರದ ಲೆಕ್ಕವೂ ಗೊತ್ತಿತ್ತು.

"ಅವ್ವನ ಜೋಡಿ ನೀನೂ ಒಪ್ಪತ್ತು ಹಿಡಿದೀ ಏನು?"

ಹೌದೆಂದೆ. ಆ ಒಂದು ಮಾತು ಹೇಳಿದ್ದೇ ತಡ, ಉಳಿದದ್ದೆಲ್ಲ ತಾನಾಗಿಯೇ ಹೊರಬಿತ್ತು: ಕೋಲು, ನಡುಕ, ನಿದ್ದೆ ಇಲ್ಲದ್ದು, ಹೆಸರು ಹೊಡೆದುಹಾಕುವ ಮಾತು, ನಾನು ಪುಕ್ಕಲ ಎಂಬುದು. ಅಷ್ಟು ದೊಡ್ಡವನಾಗಿ ಅಕ್ಕನೆದುರು ಅತ್ತೆ. ಅತ್ತದ್ದಕ್ಕೆ ಈಗಲೂ ನಾಚಿಕೆಯಿಲ್ಲ. ಅಕ್ಕ ನನ್ನನ್ನು ಸಂತೈಸಲಿಲ್ಲ. ತಾಯಿ ಮಗ ಇಬ್ಬರೂ ಸೇರಿ ಒಳ್ಳೆ ಆಟ ಹೂಡಿದ್ದೀರಿ ಎಂದು ಬೈದು, ಮೂಗು ಒರೆಸಿಕೊಳ್ಳಲು ತನ್ನ ಸೆರಗನ್ನೇ ಕೊಟ್ಟಳು. ಮರುದಿನ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಂಡು ನನ್ನ ಜೊತೆ ಕಲಬುರಗಿಯ ಮೋಟಾರು ಹತ್ತಿದಳು.

ನಾವು ಮನೆ ಸೇರಿದಾಗ ಅವ್ವ ಅಡಿಗೆಮನೆಯಲ್ಲಿ ಕೂತಿದ್ದಳು. ರೈಲು ಇನ್ನೂ ಬಂದಿರಲಿಲ್ಲ. ಅಕ್ಕ ಚಪ್ಪಲಿ ಬಿಟ್ಟವಳೇ ಎಲ್ಲವನ್ನೂ ಹೇಳಿದಳು; ಸಕ್ಕರೆ ಹಚ್ಚಿ ಹೇಳುವ ಅಭ್ಯಾಸ ಅವಳಿಗಿಲ್ಲ. ಅವ್ವನ ಮುಖ ಬಿಳುಪಾಯಿತು. ಆಮೇಲೆ ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದಳು. ಅಕ್ಕ ಎಷ್ಟು ಹೇಳಿದರೂ ಅಂದೂ ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೈ ನಡುಗುತ್ತಿತ್ತು.

"ನನ್ನ ಹಸಿವಿ ನಿನ್ನನ್ನ ಮ್ಯಾಲ ಹಿಡಿದು ನಿಲ್ಲಸ್ತದ ಅನ್ಕೊಂಡಿದ್ನಪ್ಪ," ಎಂದಳು. "ಅದ ನಿನ್ನ ಕೆಳಗ ಎಳಿಯಾಕತ್ತಿತ್ತು."

ಆದರೂ ಹರಕೆ ಮುರಿಯಲು ಆಕೆಗೆ ಧೈರ್ಯ ಬರಲಿಲ್ಲ. ಮುರಿದರೆ ಅದರ ದೋಷ ಮಗನಿಗೆ ತಟ್ಟುತ್ತದೆ ಎಂದಳು. ಈಗ ತಟ್ಟುತ್ತಿರುವುದು ಏನು ಮತ್ತೆ ಎಂದು ಅಕ್ಕ ಕೇಳಿದಳು. ಅಷ್ಟರಲ್ಲಿ ಅಪ್ಪ ಕಚೇರಿಯಿಂದ ಊಟಕ್ಕೆ ಬಂದ. ಎಲ್ಲ ಕೇಳಿಸಿಕೊಂಡು, ಕೋಟು ಬಿಚ್ಚದೆ ನಿಂತೇ ಒಂದು ಮಾತು ಹೇಳಿದ: ಹರಕೆ ಬಿಡಬೇಡ, ಬದಲು ಮಾಡಿಕೋ. ಉಣ್ಣುವುದಿಲ್ಲ ಎಂದು ಹರಕೆ ಹೊತ್ತವಳಿಗೆ ಉಣ್ಣುತ್ತೇನೆ ಎಂದು ಹೊರಲು ಬರುವುದಿಲ್ಲವೇನು?

ಆ ಸಂಜೆಯೇ ಅವ್ವ ಗುಡಿಗೆ ಹೋಗಿ ತೆಂಗಿನಕಾಯಿ ಒಡೆಸಿ, ದೇವರಿಗೆ ಏನು ಹೇಳಿದಳೋ, ಹೊಸ ನೇಮ ತಂದಳು. ಇನ್ನು ಮೇಲೆ ಸೂರ್ಯ ಹುಟ್ಟುವ ಮುಂಚೆ ನಾನು ಅಲ್ಲಿ ಉಣ್ಣಬೇಕು, ಅದೇ ಹೊತ್ತಿಗೆ ಆಕೆ ಇಲ್ಲಿ ಉಣ್ಣುತ್ತಾಳೆ. ಒಬ್ಬರು ತಪ್ಪಿಸಿದರೆ ಇಬ್ಬರ ನೇಮವೂ ಕೆಟ್ಟ ಹಾಗೆ. ರಜೆಯಲ್ಲಿ ಉಳಿದ ದಿನಗಳಲ್ಲಿ ಎದುರುಬದುರು ಕೂತು ಅದರ ತಾಲೀಮು ಮಾಡಿದೆವು. ಮೊದಲ ದಿನ ಆಕೆ ನನ್ನ ಬಾಯಿ ನೋಡುತ್ತ ಕೂತಳು, ನಾನು ಆಕೆಯ ಬಾಯಿ ನೋಡುತ್ತ ಕೂತೆ. ಕಡೆಗೆ ಅಕ್ಕ ಇಬ್ಬರ ಕೈಗೂ ಸುಲಿದ ಬಾಳೆಹಣ್ಣು ತುರುಕಿದಳು. ಚಹಾವನ್ನು ಅವಳೇ ಬೆಳಿಗ್ಗೆ ಒಂದು, ಸಂಜೆ ಒಂದು ಕಪ್ಪಿಗೆ ಇಳಿಸಿದಳು. ಬಂದು ಹೋಗುವ ಹಕೀಮರನ್ನೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ರಾತ್ರಿ ನನಗೆ ನಿದ್ದೆ ಬರತೊಡಗಿತು.

ಹೈದರಾಬಾದಿಗೆ ಮರಳಿ ನಾನು ಮೊದಲು ಮಾಡಿದ ಕೆಲಸವೆಂದರೆ ಸಾಹೇಬರಿಗೆ ನಿಜ ಹೇಳಿದ್ದು. ಹೆದರುತ್ತಲೇ ಹೇಳಿದೆ. ಅವರು ನಗಲಿಲ್ಲ. ತಮ್ಮ ತಾಯಿಯೂ ತಾವು ಹಾರುವ ದಿನ ಕಿಟಕಿಯ ಪರದೆ ತೆಗೆಯುತ್ತಿರಲಿಲ್ಲ ಎಂದು ಮುರುಕು ಉರ್ದುವಿನಲ್ಲಿ ಹೇಳಿದರು. ಬಿಳಿಯರ ತಾಯಂದಿರಿಗೂ ನೇಮಗಳಿರುತ್ತವೆ ಎಂದು ನನಗೆ ಅಂದೇ ಗೊತ್ತಾದದ್ದು. ಅಂದಿನಿಂದ ವಿಮಾನ ಹತ್ತುವ ಮುಂಚೆ ಏನು ತಿಂದೆ, ಎಷ್ಟು ಮಲಗಿದೆ ಎಂದು ಅವರು ಎಲ್ಲ ಹುಡುಗರನ್ನೂ ಕೇಳತೊಡಗಿದರು. ಹುಡುಗರು ನನಗೆ ಶಾಪ ಹಾಕಿದರು.

ಕೋಲು ಒಂದೇ ದಿನಕ್ಕೆ ಶಾಂತವಾಗಲಿಲ್ಲ. ಆದರೆ ಪ್ರತಿ ನಸುಕಿನಲ್ಲಿ ಊರಿಂದ ಬರುತ್ತಿದ್ದ ಒಣ ಕಟಿ ರೊಟ್ಟಿಯನ್ನೂ ಕಮಲಾಪುರದ ಹಣ್ಣನ್ನೂ ತಿಂದೇ ಹತ್ತುತ್ತಿದ್ದೆ. ಭಯ ಆದರೆ ಭಯ ಆಗುತ್ತಿದೆ ಎಂದು ಬಾಯಿ ಬಿಟ್ಟು ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಇಳಿದ ಮೇಲೆ ಸಾಹೇಬರು ತಮ್ಮ ಪಟ್ಟಿ ಬಿಚ್ಚಿಕೊಂಡು ಕೆಳಗಿಳಿದರು. ಯಂತ್ರ ನಿಲ್ಲಿಸಲು ನಾನು ಕೈ ಚಾಚಿದೆ. ಬೇಡ ಎಂದು ಕೈ ಅಲ್ಲಾಡಿಸಿ, ಮುಂದೆ ನಡೆ ಎಂಬಂತೆ ಆಕಾಶದ ಕಡೆ ತೋರಿಸಿ, ಹುಲ್ಲಿನ ಮೇಲೆ ಹೋಗಿ ನಿಂತರು.

ಮುಂದಿನ ಸೀಟು ಖಾಲಿಯಿತ್ತು. ಅಷ್ಟು ದಿನ ಅವರ ಬೆನ್ನಿದ್ದ ಕಡೆ ಈಗ ಬರೀ ಬೆಳಕಿತ್ತು. ಮೇಲೆ ಹೋಗಿ ತಿರುಗಿದಾಗ ಊರೆಲ್ಲ ಕೆಳಗೆ ಹೊಗೆಯಾಡುತ್ತಿತ್ತು. ಮನೆಮನೆಗಳಲ್ಲಿ ಒಲೆ ಹೊತ್ತಿಸಿದ್ದರು. ಅವ್ವ ಉಂಡಿದ್ದಾಳೆ ಎಂದುಕೊಂಡೆ. ಕೋಲು ನನ್ನ ಕೈಯಲ್ಲಿ ಸುಮ್ಮನೆ ನಿಂತಿತ್ತು. ಇಳಿದದ್ದು ಅಷ್ಟೇನೂ ಚೆಂದವಾಗಿರಲಿಲ್ಲ, ಎರಡು ಸಲ ಪುಟಿದೆ. ಸಾಹೇಬರು ಬಂದು ನನ್ನ ಕೈ ಕುಲುಕಿದರು, ಕುಲುಕಿದ ಮೇಲೂ ಒಂದು ಗಳಿಗೆ ಹಿಡಿದೇ ನಿಂತರು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ನನ್ನನ್ನು ಸ್ಟೇಷನ್ನಿನಿಂದ ಟಾಂಗಾದಲ್ಲಿ ಕರೆತಂದ. ನೀನು ಹೇಳಿಕೊಟ್ಟ ನೇಮ ಸುಲಭವಾಯಿತು, ಅವ್ವ ಈಗ ಆರಾಮಾಗಿ ಉಣ್ಣುತ್ತಿದ್ದಾಳಲ್ಲ ಎಂದು ನಾನು ಖುಷಿಯಿಂದ ಹೇಳಿದೆ. ಅಪ್ಪ ಕುದುರೆಯ ಬೆನ್ನನ್ನೇ ನೋಡುತ್ತಿದ್ದ.

"ಉಪಾಸ ಇದ್ದಾಗ ನಿಮ್ಮವ್ವಗ ಇಷ್ಟು ತ್ರಾಸ ಇರಲಿಲ್ಲೋ," ಎಂದ. "ಈಗ ದಿನಾ ನಸಿಕಿನ್ಯಾಗ, ನೀ ಹಾರೂ ಹೊತ್ತಂತ, ತುತ್ತು ಬಾಯಾಗ ಇಟ್ಕೊಂಡು ಅಳ್ತಾಳ. ಗಂಟಲಾಗ ಇಳಿಯೂದಿಲ್ಲ. ನೀರು ಕುಡಿದು ಕುಡಿದು ನುಂಗ್ತಾಳ, ಆದ್ರ ಒಂದು ಚೂರೂ ಬಿಡೂದಿಲ್ಲ."

ಮನೆ ಬಂತು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೈ ತೋರಿಸು ಎಂದಳು. ಎರಡೂ ಕೈ ಚಾಚಿ ಆಕೆಯೆದುರು ಹಿಡಿದೆ. ಸ್ವಲ್ಪವೂ ನಡುಗದ ಆ ಕೈಗಳನ್ನು ನೋಡಿ ಆಕೆ ತೃಪ್ತಿಯಿಂದ ಒಳಗೆ ಹೋಗಿ ನನಗೊಂದು ತನಗೊಂದು ಎಂದು ಎರಡು ತಟ್ಟೆ ಹಾಕಿದಳು.